ಕಾರ್ಡ್ ಒಪ್ಪುವ ಡಾಕ್ಟರು

“ಸರ್ಕಾರಿ ಹೆಲ್ತ್ ಕಾರ್ಡ್ ತಗೊಳ್ತೀರಾ, ಇಲ್ವಾ? ಅಷ್ಟು ಹೇಳಿಬಿಡಿ ಡಾಕ್ಟ್ರೇ. ಬಂದ ಮೇಲೆ ರಾಗ ಎಳೀಬೇಡಿ.”

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅಕ್ಕ ಸ್ಕೂಲ್ ಬ್ಯಾಗೊಂದರ ಕೆಟ್ಟ ಜಿಪ್ಪನ್ನು ಕಿತ್ತು ತೆಗೆಯುತ್ತಿದ್ದಳು. ಬ್ಯಾಗ್ ರಿಪೇರಿಯ ಪುಟ್ಟ ಅಂಗಡಿ ಅವಳದು. ಎದುರಿಗೆ ಸ್ಟೂಲಿನ ಮೇಲೆ ತಮ್ಮ ಕೂತು ಅವಳ ಮುಖವನ್ನೇ ನೋಡುತ್ತಿದ್ದ.

“ತಗೊಳ್ತೀನಮ್ಮ,” ಎಂದಿತು ಆ ಕಡೆಯ ವಯಸ್ಸಾದ ಹೆಣ್ಣುದನಿ. “ನನ್ನ ಹತ್ರ ಬರೋರೆಲ್ಲ ಕಾರ್ಡಿನವರೇ. ಸಂಜೆ ಇಬ್ಬರೂ ಬನ್ನಿ.”

ಅಕ್ಕ ಫೋನಿಟ್ಟು ಎರಡೂ ಕೈ ಮೇಲೆತ್ತಿದಳು. “ಸಿಕ್ಕಿದ್ರು ಕಣೋ ಪುಟ್ಟ!”

ಪುಟ್ಟ ಅನ್ನುವುದು ಬರೀ ಕರೆಯೋಕೆ. ಮಂಚ, ಬೀರುಗಳನ್ನು ಒಬ್ಬನೇ ವ್ಯಾನಿಗೆ ಏರಿಸುವ ಗಟ್ಟಿ ಆಳು ಅವನು. ಅಂಥವನೂ ಈಗೀಗ ಇಳಿದುಹೋಗಿದ್ದ. ಸರಿಯಾಗಿ ನಿದ್ದೆಯಿಲ್ಲ, ಮಾತಿಲ್ಲ. “ಒಳ್ಳೇದಾಯ್ತು ಬಿಡು,” ಎಂದು ನೆಲ ನೋಡಿದ. ಪಾಪ, ಭಯ ಇರಲ್ವಾ ಎಂದುಕೊಂಡಳು ಅಕ್ಕ.

ಆಪರೇಷನ್ ಬೇಗ ಆಗದಿದ್ದರೆ ಜೀವಕ್ಕೇ ಕುತ್ತು ಎಂದು ಸರ್ಜನ್ ಕಡ್ಡಿ ಮುರಿದಂತೆ ಹೇಳಿದ್ದರು. ಸರ್ಜನ್ ಕಾರ್ಡ್ ಒಪ್ಪುತ್ತಾರೆ. ಆಸ್ಪತ್ರೆಯೂ ಒಪ್ಪುತ್ತದೆ. ಆದರೆ ಮತ್ತಿನ ಇಂಜೆಕ್ಷನ್ ಕೊಡುವ ಡಾಕ್ಟರು ಹೊರಗಿನಿಂದ ಬರಬೇಕು, ಅವರನ್ನು ನೀವೇ ಒಪ್ಪಿಸಿಕೊಂಡು ಬನ್ನಿ ಎಂದು ಆಸ್ಪತ್ರೆಯವರು ಕೈತೊಳೆದುಕೊಂಡಿದ್ದರು. ಇದೆಂಥ ನ್ಯಾಯ! ಕುಯ್ಯುವವರು ಒಬ್ಬರು, ಮಲಗಿಸುವವರು ಇನ್ನೊಬ್ಬರು, ನಡುವೆ ಅಲೆಯುವವಳು ಇವಳು.

ಅಲೆದಳು. ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಹಾಕಲಾಗುತ್ತಿರಲಿಲ್ಲ. ದಿನ ಬಿಟ್ಟು ದಿನ ಅರ್ಧ ಹಗಲು ಆಸ್ಪತ್ರೆಯಲ್ಲೇ ಕಳೆಯುತ್ತಿತ್ತು. ಉಳಿದ ಹೊತ್ತು ಅಂಗಡಿ, ಫೋನು, ಕಂಡವರ ಮುಂದೆ ಅಂಗಲಾಚುವುದು. ಎಂಥ ಬಿಸಿಲಲ್ಲೂ ತುಂಬು ತೋಳಿನ ರವಿಕೆ, ಬಾಯಿ ಒಣಗಿದರೆ ಒಂದು ಗುಟುಕು ನೀರು, ಮತ್ತೆ ನಡಿಗೆ.

ಅವಳ ಹೊಟ್ಟೆ ಉರಿಸಿದ್ದು ಡಾಕ್ಟರುಗಳ ಒಂದೇ ಚಾಳಿ. ಫೋನಿನಲ್ಲಿ ಎಲ್ಲರೂ “ಬನ್ನಿ ಬನ್ನಿ” ಎನ್ನುವವರೇ. ಹೋದರೆ ತಮ್ಮನನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಾರೆ. ಇಂಜೆಕ್ಷನ್ ಕೊಡುವ ಮುಂಚೆ ಒಬ್ಬೊಬ್ಬರ ಹತ್ತಿರವೂ ಬೇರೆಬೇರೆಯಾಗಿ ಮಾತಾಡಬೇಕಂತೆ, ಅದು ಅವರ ಪದ್ಧತಿಯಂತೆ. ಬಾಗಿಲು ತೆರೆಯುವ ಹೊತ್ತಿಗೆ ಡಾಕ್ಟರ ಮುಖವೇ ಬೇರೆ. “ಈ ಕಾರ್ಡ್ ನಮಗೆ ಆಗಲ್ಲಮ್ಮ.” ಮೊದಲನೆಯವನೂ ಹಾಗೇ, ಎರಡನೆಯವನೂ ಹಾಗೇ. ಮೂರನೆಯವನಂತೂ ಅವಳ ಕಣ್ಣು ತಪ್ಪಿಸಿ ಹಿಂಬಾಗಿಲಿನಿಂದ ಹೋಗಿಬಿಟ್ಟ. ನಂಬಿಸಿ ಕೈಕೊಡುವುದು ಅಂದರೆ ಇದೇ ತಾನೆ?

ಪ್ರತಿ ಸಲವೂ ತಮ್ಮನೇ ಅವಳನ್ನು ಸಮಾಧಾನ ಮಾಡುತ್ತಿದ್ದ. “ಹೋಗ್ಲಿ ಬಿಡಕ್ಕ. ಇನ್ನೊಬ್ರು ಸಿಗ್ತಾರೆ.” ದಾರಿಯಲ್ಲಿ ಅವಳ ಚೀಲ ತಾನೇ ಹಿಡಿಯುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ. ಲೋಕವೆಲ್ಲ ಕೈಬಿಟ್ಟರೂ ಇವನೊಬ್ಬ ಇದ್ದಾನಲ್ಲ ಎಂದು ಅವಳಿಗೆ ಕಣ್ಣು ತುಂಬುತ್ತಿತ್ತು.

ಸಂಜೆ ಆ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಬೆಂಚಿನ ತುಂಬ ಜನ. ಪಕ್ಕದಲ್ಲಿದ್ದ ಮುದುಕನ ಕೈಯಲ್ಲೂ ಅದೇ ಸರ್ಕಾರಿ ಕಾರ್ಡ್. “ದೇವರಂಥೋರು ಇವ್ರು,” ಎಂದ ಆತ. ಅಕ್ಕನಿಗೆ ಅರ್ಧ ಜೀವ ಬಂದಂತಾಯಿತು.

ಡಾಕ್ಟರಮ್ಮ ಬಾಗಿಲಿಗೆ ಬಂದು ಅಕ್ಕನನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿದರು. “ಮೊದಲು ಇವರೊಬ್ಬರೇ ಬರಲಿ. ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ.”

ಬಾಗಿಲು ಮುಚ್ಚಿತು. ಬಹಳ ಹೊತ್ತಿನ ಮೇಲೆ ತೆರೆಯಿತು.

“ಕ್ಷಮಿಸಿ ತಾಯಿ. ಈ ಕಾರ್ಡಿಗೆ ನಾನು ಮಾಡೋಕಾಗಲ್ಲ.”

ಅಕ್ಕನ ಮೈಯೆಲ್ಲ ಹೊತ್ತಿ ಉರಿಯಿತು. “ಏನಂದ್ರಿ? ಬೆಳಿಗ್ಗೆ ಫೋನಲ್ಲಿ ಹೇಳಿದ್ದು ನೀವೇ ತಾನೆ? ಇಲ್ಲಿ ಕೂತಿರೋ ಅಷ್ಟೂ ಜನ ಕಾರ್ಡಿನವರು! ನಮ್ಮ ಕಾರ್ಡಿಗೇನು ಕಜ್ಜಿ ಹತ್ತಿದೆಯಾ? ಒಂದು ಜೀವ ಹೋಗ್ತಾ ಇದೆ, ನೀವು ನಾಟಕ ಆಡ್ತೀರಾ?”

ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು.

“ದೂರು ಕೊಡ್ತೀನಿ! ನಿಮ್ಮ ಬೋರ್ಡು ಇಳಿಸೋವರೆಗೂ ಬಿಡಲ್ಲ!”

“ಕೊಡಿ ತಾಯಿ,” ಎಂದರು ಡಾಕ್ಟರಮ್ಮ ಮೆಲ್ಲಗೆ. “ನನಗೆ ಬೇಜಾರಿಲ್ಲ.”

ಆ ಸೌಮ್ಯತೆಯೇ ಅಕ್ಕನನ್ನು ಇನ್ನಷ್ಟು ಕೆರಳಿಸಿತು. ಮುಂದೆ ನುಗ್ಗಿದಳು. ತಮ್ಮ ಅಡ್ಡ ಬಂದು ಅವಳ ಎರಡೂ ಭುಜ ಹಿಡಿದ.

“ಅವ್ರನ್ನ ಬಯ್ಯಬೇಡಕ್ಕ. ಕಾರ್ಡಿನ ನೆಪ ಹೇಳಿ ಅಂತ ಕಾಲು ಹಿಡಿದಿದ್ದು ನಾನು. ಇವರ ಹತ್ರಾನೂ, ಮುಂಚಿನ ಮೂರೂ ಜನರ ಹತ್ರಾನೂ.”

ಅಕ್ಕನ ಕಿವಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ. “ನೀನಾ? ಯಾಕೋ? ಆಪರೇಷನ್ ಆಗದಿದ್ರೆ ಏನಾಗುತ್ತೆ ಅಂತ ಗೊತ್ತಿಲ್ವೇನೋ ನಿನಗೆ?”

“ಗೊತ್ತು.” ಅವನು ಮುಖ ತಿರುಗಿಸಿದ. “ನೀನು ಉಳಿಯಲ್ಲ ಅಂತ ಗೊತ್ತು. ಆದ್ರೂ ನನ್ನ ಕಿಡ್ನಿ ನಿನಗೆ ಕೊಡೋಕೆ ನನಗೆ ಮನಸ್ಸಿಲ್ಲ ಅಕ್ಕ.”