ಹಚ್ಚೆಯ ಕೈ

ಮೊನ್ನೆ ಅಕ್ಕನ ಎದೆಯ ಚರ್ಮದಡಿ ಕೂರಿಸಿದ ಪೋರ್ಟ್ ಎಂಬ ಪುಟ್ಟ ಡಬ್ಬಿಗೆ ನರ್ಸ್ ಒಂದೇ ಸಲಕ್ಕೆ ಸೂಜಿ ಚುಚ್ಚಿ ಕಿಮೋ ಹಚ್ಚಿದರು. ಆ ಸ್ಪಿರಿಟ್ ವಾಸನೆಗೆ ನನಗೆ ಅವ್ವನ ಕೈ ನೆನಪಾಯಿತು.

ಆಗ ನನಗೆ ಎಂಟು ವರ್ಷ. ಕ್ಯಾನ್ಸರೆಂದು ಹುಬ್ಬಳ್ಳಿಯಲ್ಲಿ ಅವ್ವನ ಎಡ ಮೊಲೆ ತೆಗೆದಿದ್ದರು. ಬಾವು ಬರುತ್ತದೆಂದು ಆ ಕಡೆಯ ಕೈಗೆ ಸೂಜಿ ಹಾಕುವಂತಿರಲಿಲ್ಲ. ಗಂಗಾವತಿಯ ದವಾಖಾನೆಯಲ್ಲಿ ಆ ಮಧ್ಯಾಹ್ನ ಕಿಮೋ ಹಚ್ಚಲು ಸಿಸ್ಟರ್ ಅವಳ ಬಲಗೈಯನ್ನು ಬಿಸಿನೀರಿನಲ್ಲಿ ಅದ್ದಿಸಿ, ಒರೆಸಿ, ನರ ಹುಡುಕಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಚ್ಚೆಯಿತ್ತು. ಅದರ ಹಸಿರು ಗೆರೆಗಳ ನಡುವೆ ನರ ತಿಳಿಯುತ್ತಿರಲಿಲ್ಲ. ಮೂರನೆಯ ಸಲ ಚುಚ್ಚಿದಾಗಲೂ ರಕ್ತ ಬರಲಿಲ್ಲ.

“ಅದು ನರ ಅಲ್ರಿ ಸಿಸ್ಟರ್, ತುಳಸಿ ಟೊಂಗಿ,” ಎಂದಳು ಅವ್ವ.

ಸಿಸ್ಟರ್ ನಕ್ಕರು. “ಯಾರ್ರೀ ಇಷ್ಟು ಹಚ್ಚಿ ಹಾಕ್ಸಿದೋರು?”

“ನಾನರಿ,” ಎಂದಳು ಪಕ್ಕದಲ್ಲಿ ನಿಂತಿದ್ದ ಅಜ್ಜಿ, ಅವ್ವನ ತಾಯಿ. “ಅಳಬಾರದಂತ ಬಾಯಾಗ ಬೆಲ್ಲ ಇಟ್ಟು, ಕೈ ಹಿಡಕೊಂಡು ಕುಂತಿದ್ದೆ. ಸತ್ತಾಗ ಸಂಗಾಟ ಬರೋದು ಅದೊಂದ ಅಂತಿದ್ರು.”

ಐದನೆಯ ಸಲಕ್ಕೆ ಅವ್ವ ಕೈ ಎಳೆದುಕೊಂಡು ಅಜ್ಜಿಯ ಕಡೆ ನೋಡಿದಳು. “ಸಾಕು ಬೇ. ಮನಿಗೆ ಹೋಗೂಣು. ಮತ್ತ ಇಲ್ಲಿಗೆ ಕರಕೊಂಡು ಬರಬ್ಯಾಡ.”

ಅಜ್ಜಿ ಒತ್ತಾಯ ಮಾಡಲಿಲ್ಲ. ಹಚ್ಚದೆ ಉಳಿದ ಔಷಧದ ಬಾಟಲಿಯನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಸಂಜೆಯ ಬಸ್ಸಿಗೆ ಕಾಯದೆ ಮೂರು ಗಂಟೆಯ ಬಸ್ಸೇ ಸಿಕ್ಕಿತೆಂದು ನನಗೆ ಖುಷಿಯಾಗಿತ್ತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತ್ತು.