ಮುತ್ತಿಗೆಯ ಆಟ

ಕೋಟೆಯೊಳಗಿನ ಕೇರಿಯಲ್ಲಿ ಒಬ್ಬರಿಗೂ ಹಕ್ಕುಪತ್ರ ಇರಲಿಲ್ಲ. ಮನೆ ಕೆಡವಿಸಲು ಬಂದ ಅಧಿಕಾರಿಯನ್ನು ಹೆಂಗಸರು ದಾರಿಗೆ ಅಡ್ಡ ಮಲಗಿ ವಾಪಸ್ ಕಳಿಸಿದ್ದರು.

ಪ್ರತಿ ವರ್ಷ ಕೋಟೆ ಉತ್ಸವದಲ್ಲಿ ಹಳೆಯ ಮುತ್ತಿಗೆಯನ್ನು ಆಡಿ ತೋರಿಸುತ್ತಾರೆ. ಶತ್ರು ನುಗ್ಗಿದನೆಂದು ನಗಾರಿ ಬಡಿದಾಗ ಕೇರಿಯವರೆಲ್ಲ ಗಂಟು ಹೊತ್ತು ಹೆಬ್ಬಾಗಿಲ ಹೊರಗೆ ಓಡಬೇಕು. ಪಾಳೇಗಾರ ಗೆದ್ದು ಬಾಗಿಲು ತೆಗೆಸಿದ ಮೇಲೆ ಮನೆಗೆ ಮರಳಬೇಕು. ಈ ಸಲ ಪಾಳೇಗಾರನ ವೇಷ ಅದೇ ಅಧಿಕಾರಿಯದು.

“ಕಿರೀಟ ಇಟ್ಕಂಡ್ಯಲ್ಲ ಸಾಹೇಬ, ದೊರೆ ಆಗಿಬಿಟ್ಟೆ ಅನ್ಕಂಡ್ಯಾ?” ಎಂದಳು ಕೇರಿಯ ತಿಪ್ಪಕ್ಕ.

“ಮಲಗಿರೋ ಮುದುಕಿಯರನ್ನೂ ಎತ್ಕೊಂಡು ಹೋಗ್ರಿ. ನೋಡೋರಿಗೆ ನಿಜ ಅನ್ನಿಸ್ಬೇಕು,” ಎಂದ ಅವನು.

ಎಲ್ಲರೂ ಹೊರಬಿದ್ದರು. ಯುದ್ಧ ಮುಗಿಯಿತು, ಬಾಗಿಲು ಮಾತ್ರ ತೆರೆಯಲಿಲ್ಲ. ತಿಪ್ಪಕ್ಕ ಬಾಗಿಲು ಗುದ್ದಿದಳು.

“ತಡಿಯಮ್ಮ, ಶತ್ರು ಇನ್ನೂ ಒಳಗಿದಾನೆ!” ಗೋಡೆಯ ಮೇಲಿಂದ ಅವನು ಕೂಗಿದ.

“ಯಾವ ಶತ್ರು? ಸತ್ತೋರೆಲ್ಲ ನಿನ್ನ ಪಕ್ಕದಾಗೆ ಎದ್ದು ಬೀಡಿ ಸೇದ್ತಾ ಅವ್ರೆ!”

“ತೋಪು ಹಾರಿಸ್ರೋ,” ಎಂದ. ಆ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ.

ಹೊತ್ತು ಮುಳುಗುವಾಗ ಬಾಗಿಲು ತೆರೆಯಿತು. ಕೋಟೆಯ ಹಿಂಬಾಗಿಲಿನಿಂದ ಜೆಸಿಬಿ ಹೊರಗೆ ಹೋಗುತ್ತಿತ್ತು. ಮೂವತ್ತೊಂದು ಮನೆಗಳು ನೆಲಸಮವಾಗಿದ್ದವು.