ನದಿಯ ಹಾಸಿಗೆ

"ಕಾಲುವೆ ಮುಗಿಯೋಗಂಟ ತಿರುಗಿ ನೋಡ್ಬೇಡ ಸಾಮಿ. ನೋಡಿದ್ರೆ ನೀರು ಮುನಿಸ್ಕೊಂಡು ಹಿಂದಕ್ಕೆ ಹೋಯ್ತದೆ," ಎಂದು ಚೆಲ್ಲಮ್ಮಾಳ್ ಹೊಂಗೆ ಕೊಂಬೆಯನ್ನು ಅಯ್ಯಾವುವಿನ ಕೈಗಿತ್ತಳು. ಆಮೇಲೆ ದನಿ ತಗ್ಗಿಸಿ, "ಹೊಳೆ ಇತ್ಕಡೆ ತಿರುಗೈತೆ. ಇನ್ನು ನನ್ನ ಪಾಂಡಿನೂ ಬರ್ತಾನೆ, ಅಲ್ವಾ?" ಎಂದಳು.

ಅಯ್ಯಾವು ಹೂಂ ಎಂದ. ಎರಡು ವರ್ಷದಿಂದ ಚೆಲ್ಲಮ್ಮಾಳ್ ಅತ್ತೆಗೆ ಅವನು ಹೂಂ ಎನ್ನುತ್ತಲೇ ಬಂದಿದ್ದ.

ಹಿರಿಯರು ನಾಡು ಬಿಟ್ಟು ಓಡಿಬರುವಾಗ ಬಾಗಿ ಹೊಳೆ ದಾಟಿಸಿದ ಮರವಂತೆ ಹೊಂಗೆ. ಹಾಗಾಗಿ ತಮಿಳು ಸೀಮೆಯ ಕಂಬಂ ಕಣಿವೆಯ ಕನ್ನಡದ ಮನೆಗಳವರು ಹೊಸ ಕಾಲುವೆಗೆ ನೀರು ಬಿಟ್ಟ ದಿನ ಹೊಂಗೆ ಕೊಂಬೆ ಎಳೆದುಕೊಂಡು ಮುಂದೆ ನಡೆದು ನೀರಿಗೆ ದಾರಿ ತೋರಿಸುತ್ತಾರೆ. 1895ರ ಐಪ್ಪಸಿ ತಿಂಗಳಲ್ಲಿ ಆ ಮರ್ಯಾದೆ ಅಯ್ಯಾವುವಿನದು. ಬೆಟ್ಟದಾಚೆ ಪಡುವಲಿಗೆ ಹರಿಯುತ್ತಿದ್ದ ನದಿಗೆ ಅಣೆ ಕಟ್ಟಿ, ಬೆಟ್ಟ ಕೊರೆದು, ನೀರನ್ನು ಮೂಡಲಿಗೆ ತಿರುಗಿಸಿದ ದೊರೆಗಳಿಗೆ ಅವನೇ ದುಭಾಷಿ. ನದಿಯ ಬಗ್ಗೆ ಇಂಗ್ಲಿಷಿನವರ ಮಾತುಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಊರವರ ಮುಂದೆ ಓದಿ ಮೆರೆಯುತ್ತಿದ್ದ. ಅವರ ನದಿಗೆ ತಲೆಯುಂಟು, ತೋಳುಂಟು, ಸಮುದ್ರ ಸೇರುವಲ್ಲಿ ಬಾಯುಂಟು. ನದಿಯ ತಳಕ್ಕೆ ಅವರು ಹಾಸಿಗೆ ಎನ್ನುತ್ತಾರೆ.

"ಹಾಸಿಗೆನಾ? ಅದ್ರಲ್ಲಿ ಯಾರು ಮಲಗ್ತಾರಪ್ಪಾ?" ಎಂದು ಚೆಲ್ಲಮ್ಮಾಳ್ ನಕ್ಕಿದ್ದಳು. ಅಯ್ಯಾವು ಪುಸ್ತಕ ಮುಚ್ಚಿದವನು ಮತ್ತೆ ತೆರೆದಿರಲಿಲ್ಲ.

ಮಲಗಿದ್ದವನು ಅವಳ ಮಗ. "ನನ್ನ ಕಣ್ಣಂಗೆ ನೋಡ್ಕೋತೀನಿ ಅತ್ತೆ," ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿ ಪಾಂಡಿಯನ್ನು ಅಣೆಕಟ್ಟಿನ ಕೆಲಸಕ್ಕೆ ಕರೆದೊಯ್ದವನು ಅಯ್ಯಾವು. ಕಾಡುಜ್ವರ ಆ ಹುಡುಗನನ್ನು ಮೂರೇ ದಿನದಲ್ಲಿ ಮುಗಿಸಿತು. ಬಿಡದೆ ಸುರಿಯುವ ಮಳೆ, ಸುಡಲು ಒಣಗಿದ ಒಂದು ಕಡ್ಡಿಯಿಲ್ಲ. ದೊರೆ ಮೆಚ್ಚಿ ಕೊಟ್ಟಿದ್ದ ತನ್ನ ಕೆಂಪು ರುಮಾಲನ್ನು ಹೆಣದ ಮುಖಕ್ಕೆ ಸುತ್ತಿ, ಸೊಂಟಕ್ಕೆ ಕಲ್ಲು ಕಟ್ಟಿ, ಅಯ್ಯಾವು ಒಬ್ಬನೇ ಅವನನ್ನು ನದಿಗೆ ಬಿಟ್ಟ. ಊರಿಗೆ ಬಂದಾಗ ಅತ್ತೆಯ ಮುಖ ನೋಡಿ ನಿಜ ಬಾಯಿಗೆ ಬರಲಿಲ್ಲ. "ಪಾಂಡಿ ತೆಪ್ಪದವ್ರ ಜೊತೆ ಮಲೆಯಾಳದ ಕಡೆ ಹೋದ, ಸುಖವಾಗವ್ನೆ," ಎಂದುಬಿಟ್ಟ. ಪಡುವಲಿಗೆ ಹೋದ ನೀರು ಸಾಕ್ಷಿ ಹೇಳಲು ಬರುವುದಿಲ್ಲವಲ್ಲ ಎಂಬ ಧೈರ್ಯ.

ಈಗ ಆ ನೀರೇ ಅವನ ಹಿಮ್ಮಡಿಯ ಹಿಂದಿತ್ತು.

ನಡುಮಧ್ಯಾಹ್ನದ ಬಿಸಿಲು. ಒಣಮಣ್ಣು ಸುರ್ರನೆ ನೀರು ಕುಡಿಯುವುದು ಅವನಿಗೆ ಕೇಳಿಸುತ್ತಿತ್ತು. ಅರ್ಧ ದಾರಿ ಕಳೆದ ಮೇಲೆ ಇನ್ನೊಂದು ಸದ್ದು ಸೇರಿಕೊಂಡಿತು. ಯಾರೋ ಕಲ್ಲೊಂದನ್ನು ಎಳೆದುಕೊಂಡು ಬರುತ್ತಿರುವ ಸದ್ದು. ಕೊಂಬೆಗೆ ಸಿಕ್ಕಿಕೊಂಡಿರಬೇಕು ಎಂದು ಅವನು ಕೊಂಬೆಯನ್ನು ಎತ್ತಿ ಹೆಗಲ ಮೇಲಿಟ್ಟ. ಸದ್ದು ನಿಲ್ಲಲಿಲ್ಲ. ಅವನು ನಿಂತ, ಅದೂ ನಿಂತಿತು. ಹೆಜ್ಜೆಯಿಟ್ಟ, ಅದೂ ಹೊರಟಿತು. ನೀರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಒಮ್ಮೆ ನೋಡಿಬಿಡೋಣ ಅನ್ನಿಸಿತು. ಆದರೆ ಕುತ್ತಿಗೆ ತಿರುಗಲೇ ಇಲ್ಲ.

ಕಾಲುವೆಯ ಕೊನೆಗೆ ಚೆಲ್ಲಮ್ಮಾಳ್ ಆರತಿ ತಟ್ಟೆ ಹಿಡಿದು ಕಾದಿದ್ದಳು.

"ಅತ್ತೆ, ನೀರು ಬಂತು," ಎಂದ ಅಯ್ಯಾವು.

ಅವಳು ಅವನನ್ನು ನೋಡುತ್ತಿರಲಿಲ್ಲ. ಅವನ ಹೆಗಲಾಚೆ ನೋಡುತ್ತ ಅವಳ ಮುಖ ಮೆಲ್ಲಗೆ ಅರಳಿತು, ಕಣ್ಣು ತುಂಬಿತು.

"ಹೇಳ್ದೆ ಕೇಳ್ದೆ ಕರ್ಕೊಂಡು ಬಂದ್ಬುಟ್ಯಲ್ಲ ಸಾಮಿ! ಎಷ್ಟು ಬಡವಾಗವ್ನೆ ನೋಡು ನನ್ನ ಕಂದ," ಎನ್ನುತ್ತ ಎರಡು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು.

"ಅಯ್ಯಾವು, ಕಳೆದೋಯ್ತು ಅಂದಿದ್ಯಲ್ಲ ನಿನ್ನ ಕೆಂಪು ರುಮಾಲು, ಅದ್ಯಾಕೆ ಇವನ ಮೊಕಕ್ಕೆ ಸುತ್ತೈತೆ?"